ಬರಿದಾದ ಮನೆಗಳೂ ವಸತಿಯ ಅಭಾವವೂ: ಮುಂಬಯಿ ನಗರದ ಅನುಭವ

ಒಂದು ನಗರದಲ್ಲಿ ವಸತಿಯ ಅಭಾವವಿದೆಯೆಂದು ಕೇಳಿದೊಡನೆ, ಅಲ್ಲಿ ಕುಟುಂಬಗಳ ಸಂಖ್ಯೆಗಿಂತ ಮನೆಗಳ ಸಂಖ್ಯೆ ಕಡಿಮೆಯಾಗಿರಬೇಕೆಂದು ನಾವು ಭಾವಿಸುವುದು ಸಹಜ. ಆದರೆ ಲೆಕ್ಕಗಳು ಬೇರೆಯೇ ಮಾತನ್ನು ಹೇಳುತ್ತವೆ. 2011ನೆಯ ಇಸವಿಯ ಜನಗಣತಿಯಂತೆ ಭಾರತದ ನಗರಗಳಲ್ಲಿ ಸುಮಾರು 1.11 ಕೋಟಿ ಮನೆಗಳು ಬರಿದಾಗಿದ್ದುವು. 2001ರಲ್ಲಿ ಈ ಸಂಖ್ಯೆ ಸುಮಾರು 65 ಲಕ್ಷವಾಗಿತ್ತು. ಅದೇ ಅವಧಿಯ ಬಗೆಗೆ ಕೇಂದ್ರ ಸರಕಾರವು ಅಮಿತಾಭ ಕುಂದು ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ತಜ್ಞರ ತಂಡವು, 2012ರಲ್ಲಿ ನಗರಗಳಿಗೆ 1.878 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ಮನೆಗಳಿಲ್ಲವೆಂಬ ಕೂಗೂ, ಬೀಗ ಹಾಕಿದ ಮನೆಗಳ ಸಾಲೂ ಒಂದೇ ನಗರದಲ್ಲಿ, ಒಮ್ಮೊಮ್ಮೆ ಒಂದೇ ಬೀದಿಯಲ್ಲಿ ಕಂಡುಬರುವುದು ಹೇಗೆ?

ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರಲ್ಲಿ ಬಹುಮಂದಿ ಕೊಡುವ ಉತ್ತರ ಒಂದೇ: ಬಾಡಿಗೆ ನಿಯಂತ್ರಣದ ಕಾನೂನುಗಳಿಂದ ಹೆದರಿದ ಮಾಲಿಕರು ಮನೆಗಳನ್ನು ಬಾಡಿಗೆಗೆ ಕೊಡದೆ ಮುಚ್ಚಿಟ್ಟುಕೊಂಡರು. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಅದು ಸಂಪೂರ್ಣ ಸತ್ಯವೇ ಎಂಬುದನ್ನು ಮುಂಬಯಿ ನಗರದ ಚರಿತ್ರೆಯ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮುಂಬಯಿಯನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಈ ಬಗೆಯ ಇಕ್ಕಟ್ಟನ್ನು ನಮ್ಮ ದೇಶದಲ್ಲಿ ಮೊದಮೊದಲು ಕಂಡ ನಗರಗಳಲ್ಲಿ ಅದೊಂದು; ಅದರ ದಾಖಲೆಗಳೂ ವಿಪುಲವಾಗಿವೆ. ಎರಡನೆಯದಾಗಿ, ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಸರಕಾರದ ಆಳ್ವಿಕೆಯಲ್ಲೇ ಇದ್ದುವು. ಅಲ್ಲಿಯ ಶಾಸನಸಭೆಯಲ್ಲಿ ಅಂಗೀಕೃತವಾದ ಕಾನೂನುಗಳು ನಮ್ಮ ಪೇಟೆಗಳ ಬಾಡಿಗೆಯನ್ನೂ ನಿರ್ಣಯಿಸಿದುವು. ಆದಕಾರಣ ಇದು ನಮಗೆ ತೀರ ಹೊರಗಿನ ಕಥೆಯಲ್ಲ.

ಬರಿದಾದ ಮನೆಗಳ ಚರಿತ್ರೆಯು ಮುಂಬಯಿಯಲ್ಲಿ ಪ್ಲೇಗಿನೊಡನೆ ಆರಂಭವಾಗುತ್ತದೆಂದು ಹೇಳಬಹುದು. 1896ರ ಸೆಪ್ಟೆಂಬರಿನಲ್ಲಿ ಬಂದರಿಗೆ ಹತ್ತಿರದ ಮಾಂಡವಿ ವಿಭಾಗದಲ್ಲಿ ಡಾಕ್ಟರ್ ಅಕಾಸಿಯೋ ವೀಗಾಸ್ ಅವರು ಈ ರೋಗವನ್ನು ಮೊದಲು ಗುರುತಿಸಿದರು. 1891ರ ಗಣತಿಯಂತೆ ನಗರದ ಜನಸಂಖ್ಯೆ 8,21,764. ಮುಂದಿನ ಕೆಲವೇ ತಿಂಗಳುಗಳಲ್ಲಿ ಇವರಲ್ಲಿ ಸುಮಾರು ಅರ್ಧದಷ್ಟು ಜನರು ಊರನ್ನು ಬಿಟ್ಟು ಓಡಿದರು. ನಗರಸಭೆಯ ನೌಕರರು ಮನೆಮನೆಗೂ ಹೋಗಿ ಸುಣ್ಣ ಹೊಡೆಸಿ, ಹೆಂಚು ತೆಗೆಸಿ, ವಾಸಕ್ಕೆ ಅಯೋಗ್ಯವೆಂದು ಕಂಡ ಮನೆಗಳ ಗೋಡೆಯ ಮೇಲೆ ‘ಯು.ಎಚ್.ಎಚ್.’ ಎಂಬ ಮೂರು ಅಕ್ಷರಗಳನ್ನು ಬರೆಯುತ್ತಿದ್ದರು. ಎರಡು ವರ್ಷಗಳಲ್ಲಿ ಇದೇ ಮಾರಿಯು ರೈಲುದಾರಿಯನ್ನು ಹಿಡಿದು ಹುಬ್ಬಳ್ಳಿಗೂ ಬೆಂಗಳೂರಿಗೂ ಬಂದುದನ್ನೂ, ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡುದನ್ನೂ ವಾಚಕರು ಬಲ್ಲರು. ಇಲ್ಲಿ ಗಮನಿಸತಕ್ಕದ್ದು ಇಷ್ಟೆ: ಆ ಕಾಲದಲ್ಲಿ ಮನೆ ಬರಿದಾಗಿದೆಯೆಂಬುದು ಸಮೃದ್ಧಿಯ ಲಕ್ಷಣವೂ ಅಲ್ಲ, ಮಾಲಿಕನ ದುರಾಶೆಯ ಫಲವೂ ಅಲ್ಲ, ಅದು ಭಯದ ಗುರುತು. ಜನರು ಹಿಂದಿರುಗಿದಾಗ ಇಕ್ಕಟ್ಟು ಮೊದಲಿನಂತೆಯೇ ಇತ್ತು, ಅಷ್ಟೇ ಅಲ್ಲ, ಹೆಚ್ಚಿತು. 1901ರಲ್ಲಿ 7,76,006ಕ್ಕೆ ಇಳಿದಿದ್ದ ಜನಸಂಖ್ಯೆ 1911ರಲ್ಲಿ 9,79,445ಕ್ಕೂ, 1921ರಲ್ಲಿ 11,75,914ಕ್ಕೂ ಏರಿತು.

ಪ್ಲೇಗಿನ ನಿಮಿತ್ತವಾಗಿಯೇ 1898ರಲ್ಲಿ ಸ್ಥಾಪಿತವಾದ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟಿನ ಕೆಲಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಗಾಳಿ ಬೆಳಕುಗಳಿಗಾಗಿ ಅಗಲವಾದ ರಸ್ತೆಗಳನ್ನು ತೆರೆಯುವ ಭರದಲ್ಲಿ ಅದು ಕಟ್ಟಿಸಿದ ಬಡವರ ಖೋಲಿಗಳಿಗಿಂತ ಕೆಡಹಿಸಿದ ಖೋಲಿಗಳೇ ಹೆಚ್ಚೆಂಬ ಆಕ್ಷೇಪಣೆ ಆಗಲೇ ಇತ್ತು. ಅದು ಕಟ್ಟಿಸಿದ ಪರಳದ ಚಾಳೊಂದರಲ್ಲಿ ಡಾಕ್ಟರ್ ಅಂಬೇಡಕರರು ಅನೇಕ ವರ್ಷ ವಾಸವಾಗಿದ್ದರೆಂಬುದು ಸುಪ್ರಸಿದ್ಧವಾದ ಸಂಗತಿ.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಮೊದಲ ಮಹಾಯುದ್ಧದ ನಂತರದ ದಶಕ. ಯುದ್ಧಕಾಲದಲ್ಲಿ ಗಿರಣಿಗಳಿಗೆ ಅಪಾರ ಲಾಭ ಬಂದಿತು, ಕೆಲಸಗಾರರು ಕೊಂಕಣದಿಂದಲೂ ದಖ್ಖನಿನಿಂದಲೂ ತಂಡತಂಡವಾಗಿ ಬಂದರು, ಬಾಡಿಗೆಗಳು ಏರಿದುವು. 1918ರಲ್ಲಿ ಸರಕಾರವು ಬಾಡಿಗೆಯ ಯುದ್ಧಕಾಲೀನ ನಿರ್ಬಂಧದ ಕಾನೂನನ್ನು ತಂದು, 1916ರ ಜನವರಿ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಗೊತ್ತುಮಾಡಿತು. ಗಿರಣಿಗಾವಿನ ಕಾರ್ಮಿಕರ ಸ್ಥಿತಿಯನ್ನು ಅಭ್ಯಸಿಸಿ 1925ರಲ್ಲಿ ಗ್ರಂಥವನ್ನು ಪ್ರಕಟಿಸಿದ ಬರ್ನೆಟ್-ಹರ್ಸ್ಟ್ ಎಂಬ ವಿದ್ವಾಂಸನು, ಅಲ್ಲಿಯ ದುಡಿಯುವ ಕುಟುಂಬಗಳಲ್ಲಿ ಶೇಕಡಾ 97ರಷ್ಟು ಒಂದೇ ಖೋಲಿಯಲ್ಲಿ ವಾಸಿಸುತ್ತಿದ್ದುವೆಂದು ಬರೆದಿದ್ದಾನೆ. ಒಂದೊಂದು ಖೋಲಿಯೊಳಗೆ ಒಂದಕ್ಕಿಂತ ಹೆಚ್ಚು ಕುಟುಂಬಗಳಿರುವುದೂ ಅಪರೂಪವಾಗಿರಲಿಲ್ಲ.

ಆಗ ಗವರ್ನರನಾಗಿದ್ದವನು ಸರ್ ಜಾರ್ಜ್ ಲಾಯ್ಡ್. ಉತ್ಸಾಹಿ, ಆತುರಗಾರ, ದೊಡ್ಡ ಯೋಜನೆಗಳಲ್ಲಿ ಆಸಕ್ತಿಯುಳ್ಳವನು. 1920ರಲ್ಲಿ ಅವನು ನಗರಸಭೆಯನ್ನೂ ಟ್ರಸ್ಟನ್ನೂ ಬದಿಗಿಟ್ಟು, ನೇರವಾಗಿ ಸರಕಾರದ ಅಧೀನದಲ್ಲಿ ‘ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್’ ಎಂಬ ಹೊಸ ಇಲಾಖೆಯನ್ನು ಸ್ಥಾಪಿಸಿ ಸರ್ ಲಾಲೆಸ್ ಹೆಪ್ಪರನನ್ನು ಅದರ ನಿರ್ದೇಶಕನನ್ನಾಗಿ ನೇಮಿಸಿದನು. ಕಡಲನ್ನು ಹಿಂದೂಡಿ ಬ್ಯಾಕ್‌ಬೇಯಲ್ಲಿ ಭೂಮಿಯನ್ನು ಪಡೆಯುವುದು ಅದರ ಒಂದು ಕಾರ್ಯ. ಕಾರ್ಮಿಕರಿಗಾಗಿ 50,000 ಖೋಲಿಗಳನ್ನು ಕಟ್ಟುವುದು ಇನ್ನೊಂದು. ಇದರ ವೆಚ್ಚಕ್ಕೆ ಸಾಲವನ್ನೆತ್ತಿದುದಲ್ಲದೆ, ನಗರಕ್ಕೆ ಬರುವ ಹತ್ತಿಯ ಪ್ರತಿಯೊಂದು ಗಂಟಿನ ಮೇಲೆ ಒಂದು ರೂಪಾಯಿಯ ಸುಂಕವನ್ನು ವಿಧಿಸಲಾಯಿತು. ಧಾರವಾಡದ ರೈತನು ಬೆಳೆದು ಮುಂಬಯಿಗೆ ಕಳುಹಿದ ಹತ್ತಿಯೂ ಈ ಚಾಳುಗಳ ಗೋಡೆಗೆ ತನ್ನ ಪಾಲನ್ನು ಸಲ್ಲಿಸಿತೆಂದು ನಾವು ಹೇಳಿಕೊಳ್ಳಬಹುದು.

ಕಟ್ಟಡಗಳನ್ನು ಕಬ್ಬಿಣ ಮತ್ತು ಕಾಂಕ್ರೀಟಿನಿಂದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ನಿರ್ಮಿಸಲಾಯಿತು. ನೆಲದಂತಸ್ತೂ ಸೇರಿ ನಾಲ್ಕು ಅಂತಸ್ತು. ಪ್ರತಿಯೊಂದು ಅಂತಸ್ತಿನಲ್ಲಿ ನಡುವೆ ಓಣಿಯಂತಹ ಹಾದಿ, ಎರಡು ಕಡೆಗೂ ಹತ್ತುಹತ್ತು ಖೋಲಿ. ಒಂದೊಂದು ಖೋಲಿ ಸುಮಾರು 160 ಚದರ ಅಡಿ. ಶೌಚಗೃಹಗಳು ಎಲ್ಲರಿಗೂ ಸಾಮಾನ್ಯ. ಹೀಗೆ ಚಾಳೊಂದಕ್ಕೆ 80 ಖೋಲಿಗಳು. ವರಳಿಯಲ್ಲಿ 121, ನಾಯಗಾವಿನಲ್ಲಿ 42, ಡಿಲಾಯ್ಲ್ ರಸ್ತೆಯಲ್ಲಿ 32, ಶಿವಡಿಯಲ್ಲಿ 12, ಒಟ್ಟಿಗೆ 207 ಚಾಳುಗಳು ಎದ್ದು ನಿಂತುವು. ಖೋಲಿಗಳ ಸಂಖ್ಯೆ ಹದಿನಾರೂವರೆ ಸಾವಿರದಷ್ಟು. ಅಂದರೆ ಸಂಕಲ್ಪಿಸಿದುದರ ಮೂರನೆಯ ಒಂದು ಪಾಲು. ಅಲ್ಲಿಗೆ ಕೆಲಸ ನಿಂತಿತು.

ಕೆಲಸ ನಿಂತುದು ಹಣದ ಅಭಾವದಿಂದ ಮಾತ್ರವಲ್ಲ. ಕಟ್ಟಿದ ಖೋಲಿಗಳಿಗೇ ಜನರು ಬರಲಿಲ್ಲ. ಅದರಲ್ಲಿಯೂ ವರಳಿಯ ಚಾಳುಗಳಲ್ಲಿ ಬಹುಭಾಗವು ವರ್ಷಗಟ್ಟಲೆ ಬರಿದಾಗಿ ನಿಂತಿತು. ನಗರದ ಮಧ್ಯದಲ್ಲಿ ಒಂದೇ ಖೋಲಿಯೊಳಗೆ ಆರೆಂಟು ಮಂದಿ ಮಲಗುತ್ತಿದ್ದ ಕಾಲದಲ್ಲಿಯೇ, ಎರಡು ಮೂರು ಮೈಲಿಗಳ ಅಂತರದಲ್ಲಿ ಸರಕಾರವೇ ಕಟ್ಟಿಸಿದ ಸಾವಿರಾರು ಖೋಲಿಗಳಿಗೆ ಬಾಡಿಗೆದಾರರಿರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮ್ಮ ವಿಷಯಕ್ಕೆ ದೊರೆಯಲಾರದು.

ಇದರ ಕಾರಣಗಳನ್ನು ವಿಚಾರಿಸೋಣ. ಸಾಮಗ್ರಿಯ ಬೆಲೆಗಳು ಅತ್ಯಂತ ಏರಿದ್ದ ಕಾಲದಲ್ಲಿ ಕಟ್ಟಿಸಿದ್ದರಿಂದ ಖೋಲಿಯ ವೆಚ್ಚ ಮಿತಿಮೀರಿತು. ಸರಕಾರವು ವೆಚ್ಚಕ್ಕೆ ತಕ್ಕ ಬಾಡಿಗೆಯನ್ನು ಕೇಳದೆ ನಷ್ಟವನ್ನು ತಾನೇ ಹೊತ್ತರೂ, ಉಳಿದ ಬಾಡಿಗೆಯು ಗಿರಣಿಯ ಕೂಲಿಗಾರನ ಕೈಗೆಟುಕದಂತೆಯೇ ಇತ್ತು. ಅದೇ ವೇಳೆಗೆ ಹಳೆಯ ಚಾಳುಗಳ ಬಾಡಿಗೆಯನ್ನು ಕಾನೂನು ಹಿಡಿದಿಟ್ಟಿದ್ದಿತು. ಹಳೆಯ ಖೋಲಿಯನ್ನು ಬಿಟ್ಟು ಹೊಸದಕ್ಕೆ ಹೋಗುವವನು ಕೈಯಲ್ಲಿದ್ದ ಅಗ್ಗದ ಹಕ್ಕನ್ನು ಕಳೆದುಕೊಂಡು ತುಟ್ಟಿಯದನ್ನು ಕೊಂಡಂತಾಗುತ್ತಿತ್ತು. ನಿಯಂತ್ರಣವಾದಿಗಳನ್ನು ಹಳಿಯುವವರ ಪಕ್ಷಕ್ಕೆ ಇಲ್ಲಿ ಸ್ವಲ್ಪ ಬೆಂಬಲವುಂಟೆಂಬುದನ್ನು ಒಪ್ಪಬೇಕು.

ಆದರೆ ಬಾಡಿಗೆಯೊಂದೇ ಕಾರಣವಾಗಿದ್ದರೆ ಅದನ್ನಿಳಿಸಿದೊಡನೆ ಖೋಲಿಗಳು ತುಂಬಬೇಕಾಗಿತ್ತು. ವರಳಿಯ ಸ್ಥಳವನ್ನು ಕಣ್ಣಮುಂದೆ ತಂದುಕೊಂಡರೆ ಉಳಿದ ಕಾರಣಗಳು ತಿಳಿಯುತ್ತವೆ. ಅದು ಆಗ ನಗರದ ಅಂಚು. ಟ್ರಾಮಿನ ಸೌಕರ್ಯವಿಲ್ಲ, ಪೇಟೆಯಿಲ್ಲ. ಗಿರಣಿಯ ಕೆಲಸಗಾರನು ಬೆಳಕು ಹರಿಯುವ ಮುನ್ನ ಗಿರಣಿಯ ಬಾಗಿಲಲ್ಲಿರಬೇಕು. ಅನೇಕರಿಗೆ ಕೆಲಸವು ದಿನದಿನದ್ದು. ಜಾಬರನೆಂಬ ಮೇಸ್ತ್ರಿಯ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿರುವವನಿಗೆ ಅದು ದೊರೆಯುತ್ತಿತ್ತು. ತಿಂಗಳ ಕೊನೆಯಲ್ಲಿ ಕೂಲಿ ಬರುವವರೆಗೆ ಧಾನ್ಯವನ್ನು ಉದ್ದರಿ ಕೊಡುವ ಕಿರಾಣಿಯವನು ಮುಖಪರಿಚಯವಿಲ್ಲದವನಿಗೆ ಕೊಡುವುದಿಲ್ಲ. ಹಳ್ಳಿಯಿಂದ ಬಂದ ತರುಣನಿಗೆ ಊಟವನ್ನು ಹಾಕುವ ಖಾನಾವಳಿಯೂ, ತನ್ನ ಊರಿನವರ ಖೋಲಿಯೂ ಗಿರಣಿಗಾವಿನ ಗಲ್ಲಿಗಳಲ್ಲಿಯೇ ಇದ್ದುವು. ಇವೆಲ್ಲವನ್ನೂ ಬಿಟ್ಟು ಕಾಂಕ್ರೀಟಿನ ಖೋಲಿಗೆ ಹೋದವನು ಪಡೆಯುತ್ತಿದ್ದುದು ನಾಲ್ಕು ಗೋಡೆ, ಕಳೆದುಕೊಳ್ಳುತ್ತಿದ್ದುದು ಜೀವನೋಪಾಯ. ಇಲಾಖೆಯ ಅಧಿಕಾರಿಗಳು ಖೋಲಿಗಳನ್ನು ಎಣಿಸಿದರು, ಈ ಸಂಬಂಧಗಳನ್ನು ಎಣಿಸಲಿಲ್ಲ. ಎಣಿಸುವುದಕ್ಕೆ ಅವರ ಬಳಿ ಉಪಾಯವಾದರೂ ಎಲ್ಲಿತ್ತು?

ಮೂರನೆಯ ಕಾರಣವೊಂದುಂಟು, ಇದನ್ನು ಲೇಖಕರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಅಭಾವವನ್ನು ಅಳೆದ ಕಾಲಕ್ಕೂ ಖೋಲಿಗಳು ಸಿದ್ಧವಾದ ಕಾಲಕ್ಕೂ ನಡುವೆ ನಗರವೇ ಬದಲಾಗಿತ್ತು. ಯುದ್ಧಾನಂತರದ ಏರಿಕೆ 1922ರ ಸುಮಾರಿಗೆ ಇಳಿಮುಖವಾಯಿತು. 1924, 1925ರಲ್ಲಿ ಗಿರಣಿಗಳಲ್ಲಿ ದೊಡ್ಡ ಮುಷ್ಕರಗಳಾದುವು. 1928ರ ಮುಷ್ಕರವು ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆರು ತಿಂಗಳು ನಡೆಯಿತು. ಕೆಲಸವಿಲ್ಲದವರು ಹಳ್ಳಿಗಳಿಗೆ ಮರಳಿದರು. 1931ರ ಗಣತಿಯಲ್ಲಿ ನಗರದ ಜನಸಂಖ್ಯೆ 11,61,383. ಎಂದರೆ ಹತ್ತು ವರ್ಷದ ಹಿಂದಿನದಕ್ಕಿಂತ ಕೊಂಚ ಕಡಿಮೆ. 1920ರ ಆತುರದಲ್ಲಿ ಮಾಡಿದ 50,000ದ ಲೆಕ್ಕವು, ಜನರು ಏರುತ್ತಲೇ ಹೋಗುವರೆಂಬ ನಂಬಿಕೆಯ ಮೇಲೆ ನಿಂತಿತ್ತು.

ಬ್ಯಾಕ್‌ಬೇಯ ಹಗರಣವು ಈ ಇಲಾಖೆಯ ಕೀರ್ತಿಯನ್ನು ಪೂರ್ತಿಯಾಗಿ ಕೆಡಿಸಿತು. ವಕೀಲರಾದ ಕೆ. ಎಫ್. ನರಿಮನ್ನರು ಅದರ ದುರ್ವ್ಯಯವನ್ನು ಬಯಲಿಗೆಳೆದುದೂ, ಅವರ ಮೇಲೆ ಹಾರ್ವೇ ಎಂಬ ಅಧಿಕಾರಿ ಹೂಡಿದ ಮಾನನಷ್ಟದ ಮೊಕದ್ದಮೆಯಲ್ಲಿ ನರಿಮನ್ನರು ಗೆದ್ದುದೂ, 1926ರ ವಿಚಾರಣಾ ಸಮಿತಿಯೂ ಬೇರೊಂದು ಲೇಖನಕ್ಕೆ ವಿಷಯವಾಗಬಲ್ಲುವು. ಬರಿದಾಗಿದ್ದ ಚಾಳುಗಳಿಗೆ ಕೊನೆಗೆ ದೊರೆತ ಉಪಯೋಗ ಮಾತ್ರ ವಿಚಿತ್ರವಾದುದು. 1930ರಲ್ಲಿ ಕಾಯಿದೆ ಭಂಗದ ಚಳುವಳಿಯಲ್ಲಿ ಸೆರೆಮನೆಗಳು ತುಂಬಿಹೋದಾಗ, ಸರಕಾರವು ವರಳಿಯ ಚಾಳುಗಳಲ್ಲಿ ಕೆಲವನ್ನು ತಾತ್ಕಾಲಿಕ ಬಂದೀಖಾನೆಯನ್ನಾಗಿ ಮಾಡಿ ಸತ್ಯಾಗ್ರಹಿಗಳನ್ನು ಅಲ್ಲಿರಿಸಿತು. ಅದೇ ಸರಕಾರದ ಆಳ್ವಿಕೆಯ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದುದೂ ಆ ವರ್ಷವೇ. ಕಾರ್ಮಿಕನು ತಾನಾಗಿ ಬಾರದ ಖೋಲಿಗೆ ದೇಶಭಕ್ತನನ್ನು ಪೋಲೀಸರು ಕರೆತಂದರು.

ಎರಡನೆಯ ಮಹಾಯುದ್ಧವು ಚಿತ್ರವನ್ನು ತಲೆಕೆಳಗಾಗಿಸಿತು. 1941ರಲ್ಲಿ ಸುಮಾರು 14.9 ಲಕ್ಷವಿದ್ದ ದ್ವೀಪನಗರದ ಜನಸಂಖ್ಯೆ, ಯುದ್ಧೋದ್ಯಮಗಳಿಂದಲೂ ದೇಶವಿಭಜನೆಯ ನಿರಾಶ್ರಿತರಿಂದಲೂ 1951ರಲ್ಲಿ 23 ಲಕ್ಷವನ್ನು ದಾಟಿತು. ಈಗ ವರಳಿಯಲ್ಲಿ ಖಾಲಿ ಖೋಲಿಯ ಮಾತೇ ಇಲ್ಲ. 1947ರ ಮುಂಬಯಿ ಬಾಡಿಗೆ ಕಾನೂನು 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನು ಪ್ರಮಾಣವೆಂದು ಸ್ಥಿರಪಡಿಸಿತು. ಅದರ ಜತೆಗೆ 1948ರಲ್ಲಿ ಬಂದ ಭೂಸ್ವಾಧೀನ ಕಾನೂನು, ಅಂದರೆ ಸರಕಾರದ ಕೆಲಸಕ್ಕಾಗಿ ಸ್ಥಳವನ್ನು ತಾತ್ಕಾಲಿಕವಾಗಿ ವಶಪಡಿಸಿಕೊಳ್ಳುವ ಶಾಸನವು, ನಮ್ಮ ದೃಷ್ಟಿಯಿಂದ ಇನ್ನೂ ಕುತೂಹಲಕರವಾದುದು. ಮನೆ ತೆರವಾದೊಡನೆ ಮಾಲಿಕನು ಸರಕಾರಕ್ಕೆ ತಿಳಿಸಬೇಕು. ಸರಕಾರವು ಬೇಕಾದರೆ ಅದನ್ನು ಪಡೆದು ತನಗೆ ಯೋಗ್ಯರೆಂದು ಕಂಡವರಿಗೆ ಕೊಡಬಹುದು. ‘ತೆರವು’ ಎಂಬ ಶಬ್ದಕ್ಕೆ ಈ ಕಾನೂನು ಕೊಟ್ಟ ಅರ್ಥವನ್ನು ನೋಡಬೇಕು. ಬಾಡಿಗೆದಾರನು ತನ್ನ ಹಕ್ಕನ್ನು ಬಿಟ್ಟುಕೊಟ್ಟು ಅಥವಾ ಇನ್ನೊಬ್ಬನಿಗೆ ವರ್ಗಾಯಿಸಿ ಹೊರಟನೆಂದರೆ, ಒಳಗೆ ಬೇರೆ ಯಾರೇ ವಾಸವಾಗಿದ್ದರೂ ಆ ಮನೆ ತೆರವಾಯಿತೆಂದೇ ಭಾವಿಸತಕ್ಕದ್ದು. ಮನೆ ತೆರವಾಗಿದೆಯೆಂಬ ಸರಕಾರದ ಘೋಷಣೆಯನ್ನು ನಿರ್ಣಾಯಕವೆಂದು 1957ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಒಲೆಯಲ್ಲಿ ಬೆಂಕಿಯಿರುವ ಮನೆಯೂ ಕಾಗದದ ಮೇಲೆ ಬರಿದಾಗಬಲ್ಲುದೆಂದಾಯಿತು. ಬರಿದಾದ ಮನೆಗಳನ್ನು ಎಣಿಸುವವರು ಈ ಸಂಗತಿಯನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ.

ನಮ್ಮ ಕಡೆಯೂ ಇಂತಹುದೇ ಏರ್ಪಾಡಿತ್ತು. 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾನೂನಿನಂತೆ ತೆರವಾದ ಮನೆಯ ವಿಷಯವನ್ನು ಮಾಲಿಕನು ಕಂಟ್ರೋಲರಿಗೆ ತಿಳಿಸಬೇಕಾಗಿತ್ತು. ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಕಂಟ್ರೋಲರನು ನಿರ್ಧರಿಸುತ್ತಿದ್ದನು. ವರ್ಗವಾಗಿ ಬಂದ ನೌಕರರಿಗೆ ಇದರಿಂದ ಉಪಕಾರವಾಯಿತೆಂಬುದು ನಿಜ. ಮನೆ ತೆರವಾಗುವ ಸುಳಿವೇ ಹೊರಗೆ ಬಾರದಂತೆ ನೋಡಿಕೊಳ್ಳುವ ಚಾತುರ್ಯವೂ ಇದರಿಂದಲೇ ಬೆಳೆಯಿತು. 1999ರ ಕರ್ನಾಟಕ ಬಾಡಿಗೆ ಕಾನೂನು 2001ರ ಕೊನೆಯ ದಿನ ಜಾರಿಗೆ ಬಂದು ಹಳೆಯದನ್ನು ತೆಗೆದುಹಾಕಿತು.

ಮುಂಬಯಿಯಲ್ಲಿ ಮುಂದೆ ನಡೆದುದನ್ನು ಸಂಕ್ಷೇಪವಾಗಿ ಹೇಳಬಹುದು. ಬಾಡಿಗೆ ಸ್ಥಿರವಾಗಿ ನಿಂತುದರಿಂದ ಹಕ್ಕಿಗೇ ಬೆಲೆ ಬಂದಿತು. ಕಾನೂನು ನಿಷೇಧಿಸಿದ ‘ಪಗಡಿ’ಯ ರೂಢಿ ಊರಿಗೆಲ್ಲ ಹಬ್ಬಿತು. ಮಾಲಿಕರು ದುರಸ್ತಿಯನ್ನು ನಿಲ್ಲಿಸಿದರು; ಮಳೆಗಾಲದಲ್ಲಿ ಕಟ್ಟಡಗಳು ಕುಸಿಯತೊಡಗಿದುವು. 1969ರಲ್ಲಿ ಸರಕಾರವು ಉಪಕರವನ್ನು ವಿಧಿಸಿ ದುರಸ್ತಿಯ ಮಂಡಲಿಯನ್ನು ರಚಿಸಿದಾಗ ಅಂತಹ 19,642 ಕಟ್ಟಡಗಳು ಅದರ ಪಟ್ಟಿಗೆ ಸೇರಿದುವು. ಬಾಡಿಗೆಯ ಹೆಸರನ್ನೆತ್ತದೆ ‘ಪರವಾನಗಿ’ಯ ಮೇಲೆ ಮನೆ ಕೊಡುವ ಉಪಾಯವನ್ನು ಮಾಲಿಕರು ಹೂಡಿದ್ದರು. 1973ರ ತಿದ್ದುಪಡಿಯು, ಆ ವರ್ಷದ ಫೆಬ್ರವರಿ 1ರಂದು ಪರವಾನಗಿಯ ಮೇಲೆ ಮನೆಯಲ್ಲಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಪರಿಗಣಿಸಿತು. ಇದ್ದವರಿಗೆ ರಕ್ಷಣೆ ದೊರೆಯಿತು. ಬರಬೇಕಾದವರಿಗೆ ಬಾಗಿಲು ಮುಚ್ಚಿತು. ಒಮ್ಮೆ ಹೀಗಾದುದು ಇನ್ನೊಮ್ಮೆಯೂ ಆಗಬಹುದೆಂಬ ಭಯದಿಂದ ಮನೆಗಳಿಗೆ ಬೀಗ ಬಿದ್ದಿತೆಂದರೆ ಅತಿಶಯೋಕ್ತಿಯಲ್ಲ. 1940ರ ಬಾಡಿಗೆಯನ್ನೇ ಹಿಡಿದು ನಿಲ್ಲಿಸಿರುವುದು ನ್ಯಾಯಸಮ್ಮತವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದುದು 1997ರ ಡಿಸೆಂಬರಿನಲ್ಲಿ. ಆ ಮೊಕದ್ದಮೆಯ ಹೆಸರಿನಲ್ಲಿ ನಮ್ಮ ಕರಾವಳಿಯ ಮಲ್ಪೆಯ ಹೆಸರಿರುವುದನ್ನು ವಾಚಕರು ಕುತೂಹಲದಿಂದ ಗಮನಿಸಬಹುದು.

ಭಯವು ಕಾರಣವಾಗಿದ್ದರೆ, ಭಯ ತೊಲಗಿದ ಮೇಲೆ ಬೀಗಗಳು ತೆರೆಯಬೇಕಾಗಿತ್ತು. 2000ದ ಮಾರ್ಚಿನಿಂದ ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಕಾನೂನಿನಲ್ಲಿ ಪರವಾನಗಿಯ ಅವಧಿ ಮುಗಿದೊಡನೆ ಮಾಲಿಕನು ಮನೆಯನ್ನು ಹಿಂದಕ್ಕೆ ಪಡೆಯಲು ಶೀಘ್ರ ಮಾರ್ಗವುಂಟು. ಆದರೂ 2011ರಲ್ಲಿ ಮುಂಬಯಿಯೊಂದರಲ್ಲಿಯೇ ಸುಮಾರು 4.8 ಲಕ್ಷ ಮನೆಗಳು ಬರಿದಾಗಿದ್ದುವು. ದಿಲ್ಲಿ, ಬೆಂಗಳೂರುಗಳಲ್ಲಿ ಸುಮಾರು ಮೂರು ಮೂರು ಲಕ್ಷ. ಅದೇ ಮುಂಬಯಿಯ 1.24 ಕೋಟಿ ಜನರಲ್ಲಿ ಸುಮಾರು 52 ಲಕ್ಷ ಮಂದಿ ಕೊಳಚೆ ವಸತಿಗಳಲ್ಲಿದ್ದರು. ಹೀಗಾಗಿ ಹಳೆಯ ಭಯದ ಸ್ಥಳದಲ್ಲಿ ಹೊಸ ಲೋಭವೊಂದು ಬಂದು ಕುಳಿತಿದೆಯೆಂದು ಊಹಿಸಬೇಕಾಗುತ್ತದೆ. 1960ರ ಸುಮಾರಿನಿಂದಲೇ ಬಾಡಿಗೆಗೆಂದು ಮನೆ ಕಟ್ಟಿಸುವ ಪದ್ಧತಿ ಹಿಂದೆಬಿದ್ದು ಒಡೆತನದ ಫ್ಲ್ಯಾಟುಗಳು ಬಂದುವು. 1963ರಲ್ಲಿ ಅವುಗಳಿಗಾಗಿ ಪ್ರತ್ಯೇಕ ಕಾನೂನೇ ಆಯಿತು. ನಗರಗಳಲ್ಲಿ ಬಾಡಿಗೆಯ ಮನೆಗಳ ಪಾಲು 1961ರಲ್ಲಿ ಶೇಕಡಾ 54 ಇದ್ದುದು 2011ರಲ್ಲಿ ಶೇಕಡಾ 28ಕ್ಕೆ ಇಳಿಯಿತು. ಬೆಲೆ ವರ್ಷವರ್ಷಕ್ಕೂ ಏರುವಾಗ, ಅಲ್ಪವಾದ ಬಾಡಿಗೆಗಾಗಿ ತೊಂದರೆಪಡುವುದಕ್ಕಿಂತ ಮುಚ್ಚಿಟ್ಟಿರುವುದೇ ಲೇಸೆಂದು ಧನಿಕನು ಎಣಿಸುತ್ತಾನೆ. ಚಿನ್ನವನ್ನು ಪೆಟ್ಟಿಗೆಯಲ್ಲಿಡುವಂತೆ ಮನೆಯನ್ನು ಬೀಗದಲ್ಲಿಡುವುದು.

ಕೊರತೆಯ ಲೆಕ್ಕವನ್ನೂ ಬಿಡಿಸಿ ನೋಡುವುದು ಅವಶ್ಯ. ಮೇಲೆ ಹೇಳಿದ 1.878 ಕೋಟಿಯಲ್ಲಿ ನಿಜವಾಗಿ ಮನೆಯೇ ಇಲ್ಲದವರ ಪಾಲು ಕೇವಲ 5.3 ಲಕ್ಷ. ಸುಮಾರು 1.5 ಕೋಟಿ, ಎಂದರೆ ಶೇಕಡಾ ಎಂಬತ್ತರಷ್ಟು, ಇಕ್ಕಟ್ಟಿನಲ್ಲಿರುವ ಕುಟುಂಬಗಳದು. ಉಳಿದುದು ಜೀರ್ಣವಾದ ಹಾಗೂ ಕಚ್ಚಾ ಮನೆಗಳು. ಒಟ್ಟು ಕೊರತೆಯಲ್ಲಿ ಶೇಕಡಾ 96ರಷ್ಟು ತೀರ ಬಡವರ ಮತ್ತು ಅಲ್ಪ ಆದಾಯದವರ ಭಾಗಕ್ಕೆ ಬಿದ್ದಿದೆ. ಆದುದರಿಂದ 1.11 ಕೋಟಿಯನ್ನು 1.878 ಕೋಟಿಯಿಂದ ಕಳೆದು ಉಳಿದುದೇ ನಿಜವಾದ ಕೊರತೆಯೆಂದು ಹೇಳುವವರ ಗಣಿತವು ಸರಿಯಲ್ಲ. ಕಳೆಯುವ ರಾಶಿಗಳು ಒಂದೇ ಜಾತಿಯವಲ್ಲ. ಎಣಿಕೆಗೆ ಸುಲಭವಾಗಿ ಸಿಕ್ಕದವರೂ ಇದ್ದಾರೆ. ದಕ್ಷಿಣ ಕನ್ನಡದಿಂದ ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರು ಹಗಲು ದುಡಿದು, ಸಂಜೆ ರಾತ್ರಿಶಾಲೆಗೆ ಹೋಗಿ ಬಂದು, ಹೋಟೆಲಿನ ಮೇಜುಗಳನ್ನು ಸರಿಸಿ ಅಲ್ಲಿಯೇ ಮಲಗುತ್ತಿದ್ದರು. ಅವರನ್ನು ಮನೆಯಿಲ್ಲದವರೆಂದು ಯಾರೂ ಬರೆದುಕೊಳ್ಳಲಿಲ್ಲ, ಮನೆಯಿದ್ದವರೆಂದೂ ಹೇಳುವಂತಿಲ್ಲ.

ಸರಕಾರವು ಕಟ್ಟಿಸಿದ ಮನೆಗಳೇ ಬರಿದಾಗುವುದು 1920ರ ದಶಕದೊಡನೆ ಮುಗಿದ ಮಾತೇನೂ ಅಲ್ಲ. 2005ರಲ್ಲಿ ಆರಂಭವಾದ ನೆಹರು ನಗರ ನವೀಕರಣ ಯೋಜನೆಯಲ್ಲಿ ಅನೇಕ ನಗರಗಳ ಹೊರವಲಯದಲ್ಲಿ ಬಡವರಿಗಾಗಿ ಮನೆಗಳನ್ನು ಕಟ್ಟಿಸಲಾಯಿತು. 2020ರ ಜುಲೈಯಲ್ಲಿ, ಸಾಂಕ್ರಾಮಿಕದ ದೆಸೆಯಿಂದ ವಲಸೆಯ ಕಾರ್ಮಿಕರು ನಡೆದುಕೊಂಡೇ ಊರುಗಳಿಗೆ ಮರಳಿದ ಮೇಲೆ, ಕೇಂದ್ರ ಸರಕಾರವು ಇಂತಹ ಸುಮಾರು 1.08 ಲಕ್ಷ ಮನೆಗಳು ಬರಿದಾಗಿಯೇ ಇವೆಯೆಂದು ತಿಳಿಸಿ, ಅವುಗಳನ್ನು ಅಲ್ಪ ಬಾಡಿಗೆಗೆ ಕಾರ್ಮಿಕರಿಗೆ ಕೊಡುವ ಯೋಜನೆಯನ್ನು ಘೋಷಿಸಿತು. ಆ ಬಳಿಕದ ವರ್ಷಗಳಲ್ಲಿ ಹಾಗೆ ಬಾಡಿಗೆಗೆ ಬಂದುವು ಕೆಲವು ಸಾವಿರ ಮಾತ್ರ. ಕೆಲಸದ ಸ್ಥಳದಿಂದ ದೂರ, ಬಸ್ಸಿನ ಅಭಾವ, ನೀರಿನ ತೊಂದರೆ ಎಂದು ಮುಂದಿಡುವ ಕಾರಣಗಳನ್ನು ಓದುವಾಗ ನೂರು ವರ್ಷಗಳ ಹಿಂದಿನ ವರಳಿಯ ವರದಿಗಳನ್ನೇ ಓದುತ್ತಿರುವೆವೋ ಎನ್ನುವಂತಾಗುತ್ತದೆ.

ವರಳಿಯ ಚಾಳುಗಳಾದರೋ, ಈಗ ಕೆಡಹಲ್ಪಡುತ್ತಿವೆ. ಒಮ್ಮೆ ಯಾರೂ ಬೇಡವೆಂದ ಆ ಭೂಮಿಯು ಇಂದು ಭಾರತದ ಅತ್ಯಂತ ಬೆಲೆಯುಳ್ಳ ನೆಲಗಳಲ್ಲೊಂದು. ಅಲ್ಲಿಯ ನಿವಾಸಿಗಳಿಗೆ 160 ಚದರ ಅಡಿಯ ಖೋಲಿಗೆ ಬದಲಾಗಿ 500 ಚದರ ಅಡಿಯ ಸ್ವಂತ ಮನೆಯನ್ನು ಕೊಡುವುದೆಂದೂ, ವೆಚ್ಚವನ್ನು ಅದೇ ಸ್ಥಳದಲ್ಲಿ ಮಾರಾಟಕ್ಕಾಗಿ ಕಟ್ಟುವ ಗೋಪುರಗಳಿಂದ ಪಡೆಯುವುದೆಂದೂ ಸರಕಾರದ ಯೋಜನೆ. 2025ರ ಆಗಸ್ಟಿನಲ್ಲಿ ಮೊದಲನೆಯ 556 ಕುಟುಂಬಗಳಿಗೆ ಬೀಗದ ಕೈಗಳನ್ನು ಕೊಡಲಾಯಿತು. ಮಾರಾಟದ ಗೋಪುರಗಳಲ್ಲಿ ಎಷ್ಟು ಮನೆಗಳಲ್ಲಿ ದೀಪ ಉರಿಯುವುದೆಂಬುದನ್ನು ಮುಂದಿನ ಗಣತಿಯವರು ಬರೆದುಕೊಳ್ಳಬೇಕಾಗಿದೆ.